ತಂಗಡಿ ಸಾರದ ಅಮೈಲೇಸ್ ಪರೀಕ್ಷೆ: ಟ್ಯಾನಿನ್‌ಗೆ ಮೋಸ ಹೋಗದಿರಲು

ಚಿತ್ರದುರ್ಗದ ಬದುಗಳಲ್ಲಿ ತಂಗಡಿಗೆ ಬರವಿಲ್ಲ. ಸಕ್ಕರೆ ಕಾಯಿಲೆಗೆಂದು ಹೂವಿನ ಕಷಾಯ ಕುಡಿಯುವವರಿರುವುದರಿಂದ ಫಾರ್ಮಸಿ ಪ್ರಾಜೆಕ್ಟ್‌ಗಳಿಗೂ ಇದು ಅಚ್ಚುಮೆಚ್ಚು: ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಅಮೈಲೇಸ್ ಕಿಣ್ವವನ್ನು ಸಾರ ಎಷ್ಟು ತಡೆಯುತ್ತದೆ ಎಂದು ಅಳೆಯುತ್ತಾರೆ. ಆದರೆ ತೊಗಲು ಹದ ಮಾಡಲು ಬಳಸುತ್ತಿದ್ದ ಗಿಡವಿದು, ಮೈತುಂಬ ಟ್ಯಾನಿನ್. ಟ್ಯಾನಿನ್ ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟುತ್ತದೆ, ಕಿಣ್ವವೂ ಪ್ರೋಟೀನೇ. ಹಾಗಾಗಿ "90% ತಡೆ" ಎಂಬ ಫಲಿತಾಂಶ ಬಂದ ಕೂಡಲೇ ಹಿಗ್ಗಬೇಡಿ.

ಮೊದಲು ಗಿಡ ಯಾವುದೆಂದು ಖಚಿತವಾಗಲಿ. ಎಲೆಬುಡದಲ್ಲಿ ಕಿವಿಯಂತೆ ಅಗಲವಾದ ಉಪಪರ್ಣ ಇದ್ದರೆ ತಂಗಡಿ. ಸಾಲುಮರವಾಗಿ ನೆಡುವ ಸೀಮೆ ತಂಗಡಿ ಬೇರೆಯೇ ಜಾತಿ. ಅದರಲ್ಲಿರುವ ಬರಕೋಲ್ ಎಂಬ ರಾಸಾಯನಿಕ ಯಕೃತ್ತಿಗೆ ಹಾನಿ ಮಾಡಬಲ್ಲದು. ಹೂವು, ಕಾಯಿ ಎರಡೂ ಇರುವ ರೆಂಬೆಯೊಂದನ್ನು ಪತ್ರಿಕೆಯ ನಡುವೆ ಒತ್ತಿಟ್ಟು, ಹಾಳೆಯನ್ನು ದಿನವೂ ಬದಲಿಸಿ, ಒಣಗಿದ ಮೇಲೆ ಹರ್ಬೇರಿಯಂಗೆ (ಒಣಗಿಸಿದ ಗಿಡಗಳ ಸಂಗ್ರಹ) ಕೊಟ್ಟು ಸಂಖ್ಯೆ ಪಡೆಯಿರಿ. ಹೆದ್ದಾರಿ ಪಕ್ಕದ ಗಿಡ, ಔಷಧಿ ಹೊಡೆದ ಈರುಳ್ಳಿ ಹೊಲದ ಬದು ಬೇಡ. ಜೋಗಿಮಟ್ಟಿ ಕಾಡಿನಿಂದ ತರುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಎಲೆಯನ್ನು ನೆರಳಲ್ಲಿ ತೆಳುವಾಗಿ ಹರಡಿ, ಮುರಿದರೆ ಚಟ್ ಎನ್ನುವವರೆಗೆ ಒಣಗಿಸಿ. ರಾಶಿ ಹಾಕಿದರೆ ಒಳಗೆ ಬೂಸ್ಟು ಹಿಡಿಯುತ್ತದೆ. ಪುಡಿಮಾಡಿ 40 ಮೆಶ್ ಜರಡಿ ಹಿಡಿಯಿರಿ. 100 ಗ್ರಾಂ ಪುಡಿಗೆ 1 ಲೀಟರ್ 70% ಎಥನಾಲ್ ಸುರಿದು, ಆಗಾಗ ಕಲಕುತ್ತ 72 ಗಂಟೆ ಬಿಡಿ. ಸೋಸಿ, ರೋಟರಿ ಇವಾಪೊರೇಟರ್‌ನಲ್ಲಿ 40 ಡಿಗ್ರಿಯಲ್ಲಿ ಎಥನಾಲ್ ತೆಗೆಯಿರಿ. ನೊರೆ ಉಕ್ಕಿದರೆ ನಿರ್ವಾತ ತಗ್ಗಿಸಿ. ತೂಕ ಎರಡು ಬಾರಿ ಒಂದೇ ಬರುವವರೆಗೆ ಒಣಗಿಸದಿದ್ದರೆ ಉಳಿದ ದ್ರಾವಕವನ್ನೂ ಸಾರವೆಂದೇ ತೂಗಿದಂತಾಗುತ್ತದೆ.

ಪರೀಕ್ಷೆಗೆ 20 ಮಿಲಿಮೋಲಾರ್ ಫಾಸ್ಫೇಟ್ ಬಫರ್, ಪಿಎಚ್ 6.9, ಜೊತೆಗೆ 6 ಮಿಲಿಮೋಲಾರ್ ಉಪ್ಪು. ಸಾರ, ಕಿಣ್ವ ತಲಾ 250 ಮೈಕ್ರೋಲೀಟರ್ ಬೆರೆಸಿ 25 ಡಿಗ್ರಿಯಲ್ಲಿ 10 ನಿಮಿಷ ಇಡಿ. 250 ಮೈಕ್ರೋಲೀಟರ್ 1% ಪಿಷ್ಟ ಹಾಕಿ ಮತ್ತೆ 10 ನಿಮಿಷ. ಸಕ್ಕರೆ ಹೆಚ್ಚಿದಷ್ಟೂ ಗಾಢ ಬಣ್ಣ ಕೊಡುವ 500 ಮೈಕ್ರೋಲೀಟರ್ ಡಿಎನ್‌ಎಸ್ ಸೇರಿಸಿ 5 ನಿಮಿಷ ಕುದಿನೀರಿನಲ್ಲಿಡಿ. ತಣಿಸಿ, ನೀರು ಬೆರೆಸಿ, ಬಣ್ಣದ ಗಾಢತೆಯನ್ನು 540 ನ್ಯಾನೋಮೀಟರ್‌ನಲ್ಲಿ ಓದಿ. ಹೋಲಿಕೆಗೆ ಈ ಕಿಣ್ವವನ್ನು ತಡೆಯುವ ಔಷಧ ಅಕಾರ್ಬೋಸ್ ಇರಲಿ. ಸಾರ ಕರಗಿಸಲು ಡಿಎಂಎಸ್‌ಒ ದ್ರಾವಕ ಬಳಸಿದ್ದರೆ ಅಂತಿಮ ಮಿಶ್ರಣದಲ್ಲಿ 1% ಮೀರದಿರಲಿ, ಸಾರವಿಲ್ಲದ ಕಂಟ್ರೋಲ್‌ಗೂ ಅಷ್ಟೇ ಹಾಕಿ. ಪ್ರತಿ ಸಾಂದ್ರತೆಗೂ ಕಿಣ್ವವಿಲ್ಲದ ಬ್ಲ್ಯಾಂಕ್ ಬೇಕೇ ಬೇಕು: ಸಾರದ ಕಂದು ಬಣ್ಣ, ಅದರೊಳಗಿನ ಸಕ್ಕರೆ ಎರಡೂ ಓದಿಗೆ ಸೇರಿ, ನಿಜವಾದ ತಡೆಯನ್ನು ಕಡಿಮೆ ತೋರಿಸುತ್ತವೆ. ಬಹಳ ಪ್ರಾಜೆಕ್ಟ್‌ಗಳು ಎಡವುವುದು ಇಲ್ಲೇ.

ಈಗ ಟ್ಯಾನಿನ್ ವಿಚಾರ. ಸಾರಕ್ಕೆ ಎರಡು ಹನಿ ಫೆರಿಕ್ ಕ್ಲೋರೈಡ್ ಹಾಕಿದಾಗ ಕಪ್ಪು ನೀಲಿ ಅಥವಾ ಕಪ್ಪು ಹಸಿರು ಬಂದರೆ ಫೀನಾಲ್‌ಗಳಿವೆ. 1% ಜೆಲಾಟಿನ್‌ಗೆ ಬಿಳಿ ಗಸಿ ಕೂತರೆ ಟ್ಯಾನಿನ್. ಆಗ ಟ್ಯಾನಿನ್ ಹಿಡಿದಿಡುವ ಪುಡಿಯಾದ ಪಿವಿಪಿಪಿ 100 ಮಿಲಿಗ್ರಾಂ ತೆಗೆದುಕೊಂಡು, ಅದಕ್ಕೆ 1 ಮಿಲಿ ನೀರು, 1 ಮಿಲಿ ಸಾರ ಬೆರೆಸಿ, 4 ಡಿಗ್ರಿಯಲ್ಲಿ 15 ನಿಮಿಷ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು ಪರೀಕ್ಷಿಸಿ. ಸಾರ ಅರ್ಧಕ್ಕೆ ತೆಳುವಾಗಿರುತ್ತದೆ, ಆದ್ದರಿಂದ ಹೋಲಿಕೆಯ ಸಾರಕ್ಕೂ ಅಷ್ಟೇ ನೀರು ಬೆರೆಸಿ. ಪಿವಿಪಿಪಿ ಬೇರೆ ಪಾಲಿಫೀನಾಲ್‌ಗಳನ್ನೂ ಹಿಡಿದಿಡುವುದರಿಂದ ಇನ್ನೊಂದು ಸುತ್ತು ಬೋವೈನ್ ಅಲ್ಬುಮಿನ್ (ದನದ ರಕ್ತದ ಪ್ರೋಟೀನ್) ಸೇರಿಸಿ ನೋಡಿ. ಅಲ್ಬುಮಿನ್ ಬಂದೊಡನೆ ತಡೆ ಕುಸಿದರೆ, ಕಂಡದ್ದು ಕಿಣ್ವದ ಮೇಲಿನ ವಿಶೇಷ ಪರಿಣಾಮವಲ್ಲ, ಬರೀ ಅಂಟು ಎಂಬ ಅನುಮಾನ ಬಲವಾಗುತ್ತದೆ. ಇಷ್ಟನ್ನು ಮುಗಿಸದೆ ಇಲಿಗಳ ಪ್ರಯೋಗಕ್ಕೆ ನೈತಿಕ ಸಮಿತಿಗೆ ಅರ್ಜಿ ಹಾಕಬೇಡಿ.