ಹಳೆ ಸೀರೆ ಬ್ಯಾಗಿನ ಹಿಡಿ ಕಿತ್ತು ಬರುವುದು ನಿಂತದ್ದು ಹೀಗೆ

ಹಳೆ ಇಳಕಲ್ ಸೀರೆಯ ರೇಷ್ಮೆ ಸೆರಗಿನಲ್ಲಿ ಹೊಲಿದ ಬ್ಯಾಗಿಗೆ 2 ಕೆಜಿ ತರಕಾರಿ ಹಾಕಿದರೆ ಸಾಕು, ಹಿಡಿಯ ಬುಡದಲ್ಲಿ ಹರಿಯುತ್ತಿತ್ತು. ದಾರ ತುಂಡಾಗಿರಲಿಲ್ಲ, ಹೊಲಿಗೆಯ ತೂತುಗಳ ಸಾಲಿಗೆ ಸರಿಯಾಗಿ ಬಟ್ಟೆಯೇ ಅಂಚೆಚೀಟಿಯಂತೆ ಬಿಟ್ಟಿತ್ತು. ಗಟ್ಟಿಯಾಗಲೆಂದು ಇನ್ನೆರಡು ಸಾಲು ಹೊಲಿದದ್ದು ಶುದ್ಧ ತಪ್ಪು. ತೂತು ಹೆಚ್ಚಿದಷ್ಟೂ ಜೀರ್ಣವಾದ ಎಳೆ ಬೇಗ ಕೈಕೊಡುತ್ತದೆ.

ಭಾರವನ್ನು ಸೀರೆಯಿಂದ ತಪ್ಪಿಸಿದ ಮೇಲೆಯೇ ಸರಿಹೋಯಿತು. ಮೊದಲು ಸೆರಗಿನ ಹಿಂಬದಿಗೆಲ್ಲ ಫ್ಯೂಸಿಂಗ್ ಕ್ಯಾನ್ವಾಸ್ (ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಒಳಪದರದ ಬಟ್ಟೆ) ಅಂಟಿಸಿದೆ. ಮೇಲೊಂದು ಹತ್ತಿ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಒಂದೊಂದು ಕಡೆ 10 ಸೆಕೆಂಡು ಒತ್ತಿ ಎತ್ತಬೇಕು. ಎಳೆದಾಡಿದರೆ ಸುಕ್ಕು ಖಂಡಿತ. ಹಿಡಿಯ ಪ್ರತಿ ಬುಡಕ್ಕೂ ಒಳಗಿನಿಂದ 8 ಸೆಂ.ಮೀ. ಚೌಕದ ಹಳೆ ಜೀನ್ಸ್ ತುಂಡು, ಅದರ ಮೇಲಂಚು ಬ್ಯಾಗಿನ ಬಾಯಿಯ ಹೊಲಿಗೆಯೊಳಗೆ ಸೇರಬೇಕು. ಹಿಡಿಯನ್ನು ಬಾಯಂಚಿನಿಂದ 4 ಸೆಂ.ಮೀ. ಕೆಳಗಿಳಿಸಿ, ಜೀನ್ಸ್ ಸೇರಿಸಿ ಚೌಕವಾಗಿ ಹೊಲಿದು, ನಡುವೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಗೆರೆ ಹಾಕಿದೆ. 16 ನಂಬರ್ ಸೂಜಿ, ಪಾಲಿಯೆಸ್ಟರ್ ದಾರ, 3.5 ಮಿ.ಮೀ. ಹೊಲಿಗೆ. ಜೀನ್ಸಿನ ಜೋಡುಹೊಲಿಗೆ ಇರುವ ಭಾಗ ಬೇಡ, ಮನೆ ಮಿಷನ್ನಿನ ಸೂಜಿ ಅಲ್ಲೇ ಮುರಿಯುವುದು.

ಸೆಕೆಂಡ್‌ಹ್ಯಾಂಡ್ ಸೀರೆಯ ಮಡಿಕೆ ಗೆರೆಗಳನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಗೆರೆಯುದ್ದಕ್ಕೂ ಬೆಳಕು ತೂರಿ ಬಂದರೆ ಆ ಭಾಗ ಒಳಜೇಬಿಗಷ್ಟೇ.