ಅಪ್ಪನ ಹಳೇ ಪಂಚೆ, ಬೇಸಿಗೆಯ ನಾಯಿಗಳು

ಏಪ್ರಿಲ್, ಮೇ ಎರಡು ತಿಂಗಳು ನಾಯಿ ಫೋಟೋ ಕೆಲಸ ಮುಟ್ಟಬೇಡ ಅಂತ ನಮ್ಮ ಬಳಗದಲ್ಲಿ ಎಲ್ಲರದ್ದೂ ಒಂದೇ ಮಾತು. ಸೆಕೆಗೆ ನಾಯಿ ಬಳಲುತ್ತದೆ ಅಂತ. ಒದ್ದೆ ಪಂಚೆ ಹಾಸಿ ಅದರ ಮೇಲೆ ನಾಯಿಯನ್ನು ತಂಪಾಗಿ ಮಲಗಿಸಿ ಫೋಟೋ ತೆಗೆಯುತ್ತೇನೆ ಅಂದಾಗ ಇಬ್ಬರು ಮೂವರು ನಕ್ಕರು. ಈ ಬೇಸಿಗೆಯಲ್ಲಿ ಆ ಎರಡು ತಿಂಗಳಲ್ಲೇ 26 ಅಥವಾ 27 ಶೂಟ್ ಮುಗಿಸಿದ್ದೇನೆ. ಒಂದು ನಾಯಿಯೂ ಬಳಲಲಿಲ್ಲ. ನಕ್ಕವರಲ್ಲಿ ಒಬ್ಬ ಹೋದ ವಾರ ಫೋನ್ ಮಾಡಿ ಕೇಳಿದ, 'ಮಗಾ, ಅದು ಯಾವ ಬಟ್ಟೆ ಅಂದೆ?'

ಮೊದಲು ನಷ್ಟದ ಕಥೆ ಹೇಳಿಬಿಡುತ್ತೇನೆ. 2024ರ ಏಪ್ರಿಲ್ ನೆನಪಿದೆ ಅಲ್ವಾ? ಬೆಂಗಳೂರಲ್ಲಿ 38 ಡಿಗ್ರಿ ಮುಟ್ಟಿತ್ತು, ಟ್ಯಾಂಕರ್ ನೀರಿಗೆ ಫೋನ್ ಮಾಡಿ ಮಾಡಿ ಸಾಕಾಗಿತ್ತು. ಆಗ ಒಂದು ಬಡಾವಣೆಯ ಪಾರ್ಕಿನಲ್ಲಿ ಸಂಜೆ 5ಕ್ಕೆ ಒಂದು ಪಗ್ ಶೂಟ್ ಒಪ್ಪಿಕೊಂಡೆ. ಅವನ ಹೆಸರು ಗುಂಡ. ಸಂಜೆಯ ಬೆಳಕು ಹೊನ್ನಿನ ಹಾಗಿತ್ತು. ಗುಂಡ ಬಾಯಿ ಪೂರ್ತಿ ತೆರೆದಿದ್ದ. ಮನೆಯವರು 'ನೋಡಿ ಸರ್, ಎಷ್ಟು ಚೆನ್ನಾಗಿ ನಗ್ತಿದಾನೆ' ಅಂದರು. ನಾನೂ ಖುಷಿಯಲ್ಲಿ ಕ್ಲಿಕ್ ಮಾಡುತ್ತಾ ಹೋದೆ. ಹತ್ತು ನಿಮಿಷಕ್ಕೆ ಅವನ ಹಿಂಗಾಲು ಕುಸಿಯಿತು. ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಇದ್ದ ಎರಡು ಬಾಟಲಿ ನೀರನ್ನು ಹೊಟ್ಟೆಗೂ ತೊಡೆಸಂದಿಗೂ ಸುರಿದು, ರಟ್ಟಿನಲ್ಲಿ ಗಾಳಿ ಬೀಸುತ್ತಾ ಆಟೋದಲ್ಲಿ ಡಾಕ್ಟರ ಹತ್ತಿರ ಓಡಿದೆವು. ಅಲ್ಲಿ ನೋಡಿದಾಗ ಮೈ ಬಿಸಿ 40.6 ಡಿಗ್ರಿ ಸೆಲ್ಸಿಯಸ್ ಇತ್ತು. ನಾಯಿಗೆ 38.5ರ ಆಸುಪಾಸು ಸಹಜ, 41ರ ಹತ್ತಿರ ಹೋದರೆ ಜೀವಕ್ಕೇ ಕುತ್ತು. ಗುಂಡ ಬದುಕಿದ. ಬಿಲ್ ಸುಮಾರು 6,000 ಆಯ್ತು, ಅರ್ಧ ನಾನು ಕೊಟ್ಟೆ. ಶೂಟ್ ದುಡ್ಡು 3,500 ವಾಪಸ್ ಮಾಡಿದೆ.

ಆ ರಾತ್ರಿ ಫೋಟೋಗಳನ್ನು ದೊಡ್ಡದು ಮಾಡಿ ಒಂದೊಂದಾಗಿ ನೋಡಿದೆ. ನಗು ಅಂದುಕೊಂಡಿದ್ದೆಲ್ಲ ಏದುಸಿರು. ನಾಲಿಗೆಯ ತುದಿ ಅನ್ನ ಬಡಿಸುವ ಕೈಸೌಟಿನ ಹಾಗೆ ಅಗಲವಾಗಿ ಜೋತುಬಿದ್ದಿದೆ. ಬಾಯಿಯ ಮೂಲೆ ಕಿವಿಯ ಕಡೆ ಎಳೆದುಕೊಂಡಿದೆ, ಕಣ್ಣು ಕಿರಿದಾಗಿದೆ. ನನ್ನ ಹಳೇ ಆಲ್ಬಮ್ ತೆಗೆದು ನೋಡಿದರೆ ಬೇಸಿಗೆಯ ಅರ್ಧಕ್ಕರ್ಧ ಫೋಟೋ ಹೀಗೇ ಇದ್ದವು. ತಂಪಾಗಿರುವ ನಾಯಿಯ ನಾಲಿಗೆ ಚಿಕ್ಕದಾಗಿ, ತುದಿ ಸ್ವಲ್ಪ ಮೇಲಕ್ಕೆ ಮಡಚಿರುತ್ತದೆ, ಇಲ್ಲ ಬಾಯೇ ಮುಚ್ಚಿರುತ್ತದೆ. ಕಣ್ಣು ದುಂಡಗೆ ಅರಳಿರುತ್ತದೆ. ಈಗ ನಾನು ಕ್ಯಾಮೆರಾ ಎತ್ತುವ ಮುಂಚೆ ನೋಡುವುದು ನಾಲಿಗೆಯನ್ನು, ಬೆಳಕು ಆಮೇಲೆ.

ಅಲ್ಲಿಂದ ಒಂದು ವರ್ಷ ಏನೇನೋ ಮಾಡಿದೆ. ಜೆ.ಪಿ. ನಗರದಲ್ಲಿ ಎಸಿ ಸ್ಟುಡಿಯೋ ಬಾಡಿಗೆಗೆ ಹಿಡಿದೆ, ಗಂಟೆಗೆ 800. ನಾಯಿಗಳಿಗೆ ನೆಲ ಜಾರಿತು, ಫ್ಲ್ಯಾಶ್‌ಗೆ ಬೆದರಿದವು, ಮೂಲೆ ಮೂಲೆ ಮೂಸುವುದರಲ್ಲೇ ಗಂಟೆ ಕಳೆಯಿತು. ಅಲ್ಲಿ ಹೋದದ್ದು 14,000ದ ಹತ್ತಿರ. 2,200 ಕೊಟ್ಟು ತಂಪು ಜಾಕೆಟ್ ತರಿಸಿದೆ. ಅದು ತಂಪು ಮಾಡುತ್ತದೆ, ಸುಳ್ಳಲ್ಲ. ಆದರೆ ಬಿಚ್ಚಿದಾಗ ಕೂದಲು ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ, ಫೋಟೋಗೆ ಆಗಿಬರಲ್ಲ. ಒದ್ದೆ ಟವೆಲ್ ಬೆನ್ನಿಗೆ ಹೊದಿಸುವುದು ಇನ್ನೂ ಕೆಟ್ಟದ್ದು. ಸ್ವಲ್ಪ ಹೊತ್ತಿಗೇ ಟವೆಲ್ ಬಿಸಿಯಾಗಿ ಮೈಯ ಶಾಖ ಹೊರಗೆ ಹೋಗದ ಹಾಗೆ ತಡೆಯುತ್ತದೆ. ಒಬ್ಬರು ಸೆಕೆ ಅಂತ ತಮ್ಮ ಹಸ್ಕಿಗೆ ಬೋಳು ಹೊಡೆಸಿಕೊಂಡು ಬಂದಿದ್ದರು. ಪಾಪ, ಬೆನ್ನಿನ ಚರ್ಮ ಕೆಂಪಾಗಿತ್ತು. ಆ ದಟ್ಟ ಕೂದಲೇ ಅದಕ್ಕೆ ಬಿಸಿಲಿನಿಂದ ಕಾಪು.

ಮನೆ ತಾರಸಿಗೆ ಸುಣ್ಣವನ್ನೂ ಬಳಿದೆ. ನೆಲ ತಣ್ಣಗಾಯ್ತು, ಕೆಳಗಿನಿಂದ ಬೆಳಕು ಚಿಮ್ಮಿ ನಾಯಿಯ ಮುಖವೆಲ್ಲ ಬೆಳಗಿತು. ಆದರೆ ಸುಣ್ಣ ಪಾದಕ್ಕೆ ಹತ್ತುತ್ತಿತ್ತು, ನಾಯಿ ಪಾದ ನೆಕ್ಕುತ್ತದೆ. ಸುಣ್ಣ ಬಾಯಿ ಸುಡುವ ವಸ್ತು. ಮೊದಲ ದಿನವೇ ಕೈಬಿಟ್ಟೆ. ಬೆಳಕು ಮಾತ್ರ ತಲೆಯಲ್ಲಿ ಉಳಿಯಿತು.

ಒಂದು ಮಧ್ಯಾಹ್ನ ಅಮ್ಮ ತಾರಸಿಯಲ್ಲಿ ಒಣಹಾಕಿದ್ದ ಅಪ್ಪನ ಪಂಚೆ ಗಾಳಿಗೆ ಕೆಳಗೆ ಬಿತ್ತು. ನೀರಿನ ತೊಟ್ಟಿ ಪಕ್ಕ, ಪೂರ್ತಿ ಒದ್ದೆ. ನಮ್ಮ ಬ್ರೌನಿ ಬೀದಿ ತಳಿ, ಮಹಾ ಜಾಣೆ. ಹೋಗಿ ಅದರ ಮೇಲೆ ಹೊಟ್ಟೆ ಊರಿ ಮಲಗಿದಳು. ಐದು ನಿಮಿಷಕ್ಕೆ ಬಾಯಿ ಮುಚ್ಚಿತು. ಗದ್ದದ ಕೆಳಗೆ, ಕಣ್ಣಿನ ಒಳಗೆ ಸುಣ್ಣದ ನೆಲದಲ್ಲಿ ಕಂಡಿದ್ದ ಅದೇ ಬೆಳಕು!

ಈಗ ಮಾಡುವುದು ಹೀಗೆ. ಕೆಳಗೆ ನೆನೆಸಿದ ಗೋಣಿಚೀಲ ಎರಡು, ಮೇಲೆ ಒದ್ದೆ ಪಂಚೆ. ಹಳೇ ಪಂಚೆಯೇ ಬೇಕು, ಹೊಸದರ ಗಂಜಿಗೆ ನೀರು ಹಿಡಿಯಲ್ಲ. ಹೊಂಗೆ ಮರದ ನೆರಳು ಸಿಕ್ಕರೆ ಬೇರೆ ಏನೂ ಬೇಡ. ಮಾರ್ಚ್ ಏಪ್ರಿಲ್‌ನಲ್ಲಿ ಹೊಂಗೆ ಹೊಸ ಎಲೆ ಬಿಟ್ಟಿರುತ್ತದೆ, ಅದರ ಹಸಿರು ನಾಯಿಯ ಮೈಗೂ ಬೀಳುತ್ತದೆ. ಮೊದಲೆಲ್ಲ ಆ ಬಣ್ಣ ತೆಗೆಯಲು ರಾತ್ರಿ ಕೂರುತ್ತಿದ್ದೆ. ಈಗ ಪಂಚೆಯ ಬಿಳಿಯಿಂದಲೇ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗೇ ಕಾಣುವ ಬಣ್ಣದ ಲೆಕ್ಕ, ಹಿಡಿಯುತ್ತೇನೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಕೂಡ ಪಂಚೆಯ ಮೇಲೇ ಇಟ್ಟು, ಅಲ್ಲಿಂದ ಬೆಳಕನ್ನು ಒಂದೂವರೆ ಸ್ಟಾಪ್ (ಬೆಳಕಿನ ಅಳತೆ) ಜಾಸ್ತಿ ಕೊಟ್ಟು, ಕ್ಯಾಮೆರಾ ತಾನಾಗಿ ಬದಲಿಸದ ಹಾಗೆ ಮ್ಯಾನುಯಲ್‌ನಲ್ಲಿ ಬಿಡುತ್ತೇನೆ. ಕಪ್ಪು ನಾಯಿ ಬಂದರೂ ಕಂದು ನಾಯಿ ಬಂದರೂ ಲೆಕ್ಕ ತಪ್ಪಲ್ಲ. ಸೆಕೆಂಡ್ ಹ್ಯಾಂಡ್ 85 ಎಂ.ಎಂ. ಲೆನ್ಸ್, ಬೆಳಕು ಬರುವ ಕಿಂಡಿ ಎಫ್ 2.8. ಅದಕ್ಕಿಂತ ತೆರೆದರೆ ಮೂಗಿಗೆ ಫೋಕಸ್ ಬಂದು ಕಣ್ಣು ಮಂಜಾಗುತ್ತದೆ. ನಾನು ನೆಲಕ್ಕೆ ಎದೆ ಊರಿ ಮಲಗುತ್ತೇನೆ, ನಾಯಿಯ ಎದೆಯಿಂದ ಮೇಲಕ್ಕೆ ಫ್ರೇಮ್ ಕಟ್ಟುತ್ತೇನೆ, ಪಂಚೆ ಕಾಣಲ್ಲ. ಆ ಕಡೆ ತಿರುಗಿದ ನಾಯಿ ನನ್ನ ಕಡೆ ನೋಡಲು ಒಂದು ಶಬ್ದ ಮಾಡುತ್ತೇನೆ. ಅದನ್ನು ಇಲ್ಲಿ ಹೇಳಲ್ಲ, ಎರಡು ವರ್ಷ ಕಲಿತದ್ದು. ನೆನೆಸುವ ನೀರಿಗೆ ಹಾಕುವ ಒಂದು ಎಲೆಯ ವಿಷಯವೂ ನನ್ನಲ್ಲೇ ಇರಲಿ.

ನೀರು ಒಂದೇ ಬಕೆಟ್, ಅದೂ ಆರ್‌ಒ ಯಂತ್ರ ಹೊರಗೆ ಬಿಡುವ ನೀರು. ಹದಿನೈದು ನಿಮಿಷಕ್ಕೊಮ್ಮೆ ಚಿಮುಕಿಸಿದರೆ ಸಾಕು. ಏಪ್ರಿಲ್‌ನ ಒಣಗಾಳಿಯಲ್ಲಿ ಇದು ಬಲು ಚೆನ್ನಾಗಿ ಕೆಲಸ ಮಾಡುತ್ತದೆ. ಮಾವಿನ ಮಳೆ ಬಿದ್ದ ಮಾರನೇ ದಿನ ಗಾಳಿಯಲ್ಲಿ ತೇವ ಇರುತ್ತದೆ, ಬಟ್ಟೆ ಆರಲ್ಲ, ತಂಪೂ ಆಗಲ್ಲ. ಆಗ ಸ್ಟ್ಯಾಂಡ್ ಫ್ಯಾನ್ ಇಡಬೇಕು. ಫ್ಯಾನಿಗೆ ಕಿವಿಯ ಕೂದಲು ಹಾರುವುದೂ ಫೋಟೋದಲ್ಲಿ ಚಂದ.

1,100 ರೂಪಾಯಿಯ ಇನ್‌ಫ್ರಾರೆಡ್ ಥರ್ಮಾಮೀಟರ್ ಕೊಂಡು ಒಂದು ವಾರ ಹುಚ್ಚು ಹಿಡಿದವನ ಹಾಗೆ ನೆಲ ಅಳೆದೆ. ಮಧ್ಯಾಹ್ನ 1ಕ್ಕೆ ಸಿಮೆಂಟ್ ತಾರಸಿ 56 ಡಿಗ್ರಿ, ಹೊಂಗೆ ಕೆಳಗಿನ ಮಣ್ಣು 33, ಒದ್ದೆ ಪಂಚೆ 25ರ ಹತ್ತಿರ. ಸಂಜೆ 5ಕ್ಕೂ ಡಾಂಬರು ರಸ್ತೆ 44 ಇತ್ತು, ಬೆಳಗ್ಗೆ 6.30ಕ್ಕೆ ಅದೇ ರಸ್ತೆ 24. ಹೊನ್ನಿನ ಬೆಳಕು ಅಂತ ಸಂಜೆ ಕರೆಯುವವರು ಇದನ್ನೊಮ್ಮೆ ಅಳೆದು ನೋಡಲಿ. ನಾನು ಬೆಳಗ್ಗೆ 6.15ಕ್ಕೆ ಶುರು ಮಾಡಿ 7.30ಕ್ಕೆ ಚೀಲ ಕಟ್ಟುತ್ತೇನೆ.

ಕನಕಪುರ ರಸ್ತೆ ಕಡೆಯ ಗೆಳೆಯರ ತೋಟದಲ್ಲಿ ಮುಧೋಳ ನಾಯಿಯ ಓಟವನ್ನೂ ಹಿಡಿದೆ, ಸೆಕೆಂಡಿನ 2,000ದ ಒಂದಂಶ ಶಟರ್ ವೇಗದಲ್ಲಿ. ಬಾಗಲಕೋಟೆಯ ಬಿಸಿಲಿನ ತಳಿ, ತಡೆದುಕೊಳ್ಳುತ್ತದೆ ಅಂತಾರೆ. ಇರಬಹುದು. ಆದರೂ ಮೂರು ಓಟಕ್ಕೆ ನಿಲ್ಲಿಸಿ ಪಂಚೆ ಮೇಲೆ ಮಲಗಿಸಿದೆ. ನಾಲ್ಕನೆಯದು ಬೇಕಿರಲೇ ಇಲ್ಲ.

ತಿನ್ನಲು ಕೊಡುವುದು ಶೂಟ್ ಮುಗಿದ ಮೇಲೆ. ಉಪ್ಪು ಒಗ್ಗರಣೆ ಇಲ್ಲದ ತೆಳು ಮಜ್ಜಿಗೆಯನ್ನು ಸ್ಟೀಲ್ ಡಬ್ಬಿಯಲ್ಲಿ ಗಡ್ಡೆ ಕಟ್ಟಿಸಿ ಒಯ್ಯುತ್ತೇನೆ, ಎರಡು ಚಮಚದಷ್ಟು. ಮೊದಲೇ ಕೊಟ್ಟು ಕೆಟ್ಟಿದ್ದೇನೆ, ಮೀಸೆಯಲ್ಲಿ ಅಂಟಿದ ಬಿಳಿ ಹನಿ ಅಳಿಸಲು ಒಂದು ದಿನ ಹೋಯ್ತು. ಬೀಜ ತೆಗೆದ ಕಲ್ಲಂಗಡಿಯೂ ಸರಿ. ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ಬೇಡವೇ ಬೇಡ, ಕಿಡ್ನಿಗೇ ಪೆಟ್ಟು.

ಈ ಬೇಸಿಗೆಯಲ್ಲಿ ಶೂಟ್‌ಗೆ 4,500ರ ಹಾಗೆ ತೆಗೆದುಕೊಂಡೆ. ಪಂಚೆ ಬಿಟ್ಟಿ, ಗೋಣಿಚೀಲಕ್ಕೆ ತಲಾ 30. ಪೆಟ್ರೋಲ್, ಪ್ರಿಂಟ್ ಕಳೆದು 90,000ಕ್ಕಿಂತ ಸ್ವಲ್ಪ ಮೇಲೆ ಉಳಿಯಿತು. ಸ್ಟುಡಿಯೋದಲ್ಲಿ ಕಳೆದದ್ದು ಬಂತು.

ಬಸವನಗುಡಿಯ ಕರಿಯನ ಫೋಟೋ ನನಗೆ ಎಲ್ಲಕ್ಕಿಂತ ಇಷ್ಟ. 9 ವರ್ಷದ ಕಪ್ಪು ಲ್ಯಾಬ್ರಡಾರ್. ಅವನ ಕಣ್ಣು ಯಾವ ಫೋಟೋದಲ್ಲೂ ಕಾಣಲ್ಲ ಅಂತ ಆ ಮನೆಯ ಅಜ್ಜಿ ಮೊದಲೇ ಹೇಳಿದ್ದರು. 'ಏನಪ್ಪಾ, ಪಂಚೆ ಹಾಸಿ ನಾಯಿ ಕೂರಿಸ್ತೀಯಾ?' ಅಂತ ಹುಬ್ಬೇರಿಸಿದರು. ಕರಿಯ ಹೊಟ್ಟೆ ಊರಿದ, ಉಸಿರು ನಿಧಾನ ಆಯ್ತು. ಕಣ್ಣಿನ ಕೆಳರೆಪ್ಪೆಯ ಹತ್ತಿರ ಪಂಚೆಯ ಬಿಳಿ ಒಂದು ಬಾಳೆಹಣ್ಣಿನ ಆಕಾರದಲ್ಲಿ ಮೂಡಿತು, ಅದರ ಮೇಲೆ ಕಂದು ಬಣ್ಣ ಜೇನಿನ ಹಾಗೆ ಕಂಡಿತು. ಪರದೆಯ ಮೇಲೆ ತೋರಿಸಿದೆ. ಅಜ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. 'ಇವನ ಕಣ್ಣು ಕಂದು ಬಣ್ಣದ್ದೇನೋ?' ಅಂದರು. ಆಮೇಲೆ ಒಳಗೆ ಹೋಗಿ ಯಜಮಾನರ ಕಾಲದ ಎರಡು ಪಂಚೆ ತಂದು ನನ್ನ ಚೀಲಕ್ಕೆ ಹಾಕಿದರು.