ಏಕಾದಶಿ ಉಪವಾಸ: ದಶಮಿ ರಾತ್ರಿಯಿಂದ ದ್ವಾದಶಿ ಪಾರಣೆವರೆಗೆ

ಏಕಾದಶಿ ದಿನ ನಮ್ಮ ಅಮ್ಮ ಒಲೆ ಹಚ್ಚುತ್ತಿರಲಿಲ್ಲ. ಶುಗರ್ ಬಂದ ಮೇಲೂ ಅದನ್ನು ಬಿಡಲಿಲ್ಲ. ಒಂದು ಸಲ ಬೆಳಗ್ಗೆ ಎಂದಿನ ಮಾತ್ರೆ ನುಂಗಿ ಉಪವಾಸ ಕೂತರು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಮೀಟರ್‌ನಲ್ಲಿ ನೋಡಿದರೆ ಸಕ್ಕರೆ 54! ಸಕ್ಕರೆ ನೀರು ಕುಡಿಸಿದ ಮೇಲೆ ಸರಿಹೋದರು. ಈಗಲೂ ಏಕಾದಶಿ ಮಾಡುತ್ತಾರೆ, ಆದರೆ ಡಾಕ್ಟರನ್ನು ಕೇಳಿ, ಹಾಲು ಹಣ್ಣು ತಗೊಂಡು.

ಅದಕ್ಕೇ ಮೊದಲು ಮಾತ್ರೆಯ ವಿಷಯ ಹೇಳುತ್ತೇನೆ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ಥರದ ಮಾತ್ರೆಗಳು ನೀವು ಊಟ ಮಾಡದಿದ್ದರೂ ಸಕ್ಕರೆ ಇಳಿಸುತ್ತಲೇ ಇರುತ್ತವೆ. ಡಾಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ತಗೊಳ್ಳುವವರು ಊಟ, ನೀರು ಎರಡೂ ಬಿಟ್ಟರೆ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಅಪಾಯದ ಮಟ್ಟಕ್ಕೆ ಏರಬಹುದು. ಬಿಪಿಗೆ ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ಇದ್ದರೆ ತಲೆ ಸುತ್ತಿ ಬೀಳುವ ಭಯ. ಹಾಗಂತ ನೀವೇ ಮಾತ್ರೆ ಬಿಡಬೇಡಿ. ಏಕಾದಶಿ ಹದಿನೈದು ದಿನಕ್ಕೊಮ್ಮೆ ಬಂದೇ ಬರುತ್ತದೆ, ಆ ದಿನ ಯಾವ ಮಾತ್ರೆ ಎಷ್ಟು ಅಂತ ಡಾಕ್ಟರ್ ಹತ್ತಿರ ಬರೆಸಿಕೊಂಡು ಬನ್ನಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ತೀರಾ ಸಣಕಲಾಗಿರುವವರು ಪೂರ್ತಿ ಉಪವಾಸ ಮಾಡುವುದು ಬೇಡ.

ಆರೋಗ್ಯವಾಗಿರುವವರಿಗೆ ಇದರಿಂದ ಲಾಭ ಇದೆಯಾ? ಇದೆ. ಊಟ ನಿಂತ ಮೇಲೆ ಇನ್ಸುಲಿನ್ ಇಳಿಯುತ್ತದೆ. ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 12ರಿಂದ 24 ಗಂಟೆಯೊಳಗೆ ಕರಗುತ್ತಾ ಬರುತ್ತದೆ, ಆಮೇಲೆ ದೇಹ ಕೊಬ್ಬಿನ ಕಡೆ ಹೆಚ್ಚು ತಿರುಗುತ್ತದೆ. ಜೀವಕೋಶಗಳು ತಮ್ಮ ಹಳೆ ಸಾಮಾನನ್ನು ತಾವೇ ಒಡೆದು ಮರುಬಳಕೆ ಮಾಡಿಕೊಳ್ಳುವ ಆಟೋಫೇಜಿ ಬಗ್ಗೆ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಆದರೆ ಅವರು ಅದನ್ನು ಕಂಡುಕೊಂಡಿದ್ದು ಯೀಸ್ಟ್‌ನಲ್ಲಿ. ಒಂದು ದಿನದ ಉಪವಾಸಕ್ಕೆ ಕ್ಯಾನ್ಸರ್ ಹೋಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದರೆ ದಯವಿಟ್ಟು ನಂಬಬೇಡಿ. ಮರುದಿನ ತೂಕ ಒಂದು ಕೆಜಿ ಇಳಿದಿದ್ದರೆ ಅದರಲ್ಲಿ ಬಹುಪಾಲು ನೀರು.

ಇನ್ನು ಮಾಡುವ ಕ್ರಮ. ದಶಮಿ ದಿನ ಒಪ್ಪೊತ್ತು ಅಂತ ಹಿರಿಯರು ಇಟ್ಟಿದ್ದಾರಲ್ವಾ, ಅದು ಒಳ್ಳೆಯ ಅಭ್ಯಾಸ. ನಾಳೆ ಏನೂ ಇಲ್ಲವಲ್ಲ ಅಂತ ದಶಮಿ ರಾತ್ರಿ ಹೊಟ್ಟೆ ಬಿರಿಯ ತಿಂದರೆ ಬೆಳಗ್ಗೆ ಹುಳಿತೇಗು ಖಂಡಿತ. ಕಾಫಿ ಬಿಡುವುದಾದರೆ ಮೂರ್ನಾಲ್ಕು ದಿನ ಮುಂಚಿನಿಂದ ಕಡಿಮೆ ಮಾಡುತ್ತಾ ಬನ್ನಿ. ಏಕಾದಶಿ ತಲೆನೋವು ಎಷ್ಟೋ ಜನರಿಗೆ ಕಾಫಿ ಬಿಟ್ಟಿದ್ದರಿಂದಲೇ ಬರುವುದು.

ಏಕಾದಶಿ ದಿನ ನೀರು ಕುಡಿಯಿರಿ. ನಿರ್ಜಲ ಮಾಡುವವರ ಶ್ರದ್ಧೆ ದೊಡ್ಡದು, ಆದರೆ ಕಿಡ್ನಿ ಕಲ್ಲು ಇದ್ದವರು ಮತ್ತು ಬಿಸಿಲಲ್ಲಿ ದುಡಿಯುವವರು ಅದಕ್ಕೆ ಹೋಗಬಾರದು. ಫಲಾಹಾರ ಮಾಡುವವರು ಹಣ್ಣು, ಹಾಲು, ಮಜ್ಜಿಗೆ, ಒಂದು ಹಿಡಿ ಶೇಂಗಾ ಇಟ್ಟುಕೊಳ್ಳಿ. ಸಾಬಕ್ಕಿ ಬಗ್ಗೆ ಮಾತ್ರ ಎಚ್ಚರ. ಅದು ಹೆಚ್ಚುಕಡಿಮೆ ಪೂರ್ತಿ ಪಿಷ್ಟ. ಖಿಚಡಿ, ವಡೆ ಅಂತ ಎರಡು ಸಲ ತಿಂದರೆ ಮಾಮೂಲಿ ಊಟಕ್ಕಿಂತ ಜಾಸ್ತಿಯೇ ಆಗಬಹುದು, ಶುಗರ್ ಇರುವವರಿಗಂತೂ ಸಕ್ಕರೆ ಸರ್ರನೆ ಏರುತ್ತದೆ. ಭಾರ ಎತ್ತುವುದು, ಜಿಮ್, ದೂರ ಗಾಡಿ ಓಡಿಸುವುದು ಆ ದಿನ ಬೇಡ.

ಬೆವರು, ನಡುಕ, ಕಣ್ಣು ಮಂಜು, ಮಾತು ತಡವರಿಕೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಶುಗರ್ ಇರುವವರು 70ಕ್ಕಿಂತ ಕೆಳಗೆ ಇಳಿದರೆ ಅಥವಾ 300 ದಾಟಿದರೆ ಉಪವಾಸ ಮುರಿಯಲೇಬೇಕು. ಸಕ್ಕರೆ ಇಳಿದಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇನ್ನೂ 70ಕ್ಕಿಂತ ಕೆಳಗೇ ಇದ್ದರೆ ಇನ್ನೊಮ್ಮೆ ಕುಡಿಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ದ್ವಾದಶಿ ಬೆಳಗ್ಗೆ ಪಾರಣೆ. ಅಗಸೆ ಸೊಪ್ಪು, ನೆಲ್ಲಿಕಾಯಿ ಮಾಡುವ ಪದ್ಧತಿ ಹಲವು ಮನೆಗಳಲ್ಲಿದೆ. ಮಾಡಿ, ಆದರೆ ಮೊದಲು ಸ್ವಲ್ಪ ನೀರು, ಆಮೇಲೆ ಮೆತ್ತಗಿನ ಅನ್ನ, ಹೆಸರುಬೇಳೆ ತೊವ್ವೆ. ನಿಧಾನವಾಗಿ ತಿನ್ನಿ. ಪಾಯಸ, ಬಜ್ಜಿ ಮಧ್ಯಾಹ್ನಕ್ಕೆ ಇರಲಿ.